ಮೊಳೆ ಕಿತ್ತ ಗೋಡೆ

ಬಣ್ಣದವರು ಬರುವ ಮುನ್ನಾದಿನ ಸಾಹೇಬರು ಕರೆದರು:
"ಗುತ್ಯಮ್ಮ, ಗೋಡೆ ಮೇಲಿನದೆಲ್ಲ ಇಳಿಸು.
ಬಣ್ಣ ಒಣಗಿದ ಮೇಲೆ ಮತ್ತೆ ತೂಗುಹಾಕುವುದು ಬೇಡ."
ಅಷ್ಟೇ. ಕಣ್ಣು ಕಡತದಲ್ಲೇ ಇತ್ತು.

ಸ್ಟೂಲು ತಂದೆ. ಒಂದು ಕಾಲು ಗಿಡ್ಡ ಅದಕ್ಕೆ,
ಹಳೇ ಪಹಣಿ ಮಡಚಿ ಕೊಟ್ಟು ನಿಲ್ಲಿಸಿದೆ.

ಮೊದಲು ಲಕ್ಷ್ಮಿ. ನಾನು ಸೇರುವ ಮೊದಲೇ ಇದ್ದವಳು,
ನಾಣ್ಯ ಸುರಿಸುವ ಅಂಗೈಗೆ ಗೆದ್ದಲು.
ಶಾರದೆ, ಶಿರಸ್ತೇದಾರರ ಮಗಳು ಪಾಸಾದ ವರ್ಷದವಳು.
ವೆಂಕಟರಮಣ, ಯಾರದೋ ವರ್ಗಾವಣೆ ರದ್ದಾದ ಖುಷಿಗೆ.
ಅದರ ಮುಂದಿನ ತಿಂಗಳೇ ಸರ್ವೆಯ ಬುಡನ್ ಸಾಬರು
ಮಕ್ಕಾದ ಕ್ಯಾಲೆಂಡರು ತಂದರು,
ಟೈಪಿಸ್ಟ್ ಫೆಲ್ಸಿಬಾಯಿ ಏಸುವನ್ನು.
"ಎಲ್ಲರೂ ಇರಲಿ ಬಿಡಿ" ಎಂದರು ಆಗಿನ ಸಾಹೇಬರು.
ಇದ್ದರು. ಏಸುವಿಗೆ ಫ್ಯೂಸ್ ಬೋರ್ಡಿನ ಪಕ್ಕ,
ಮಕ್ಕಾಕ್ಕೆ ಬಾಗಿಲ ಹಿಂದೆ,
ಬಾಗಿಲು ತೆರೆದರೆ ಕಾಣದ ಜಾಗ.
ಕಚೇರಿ ಬಾಗಿಲು ಕೆಲಸದ ಹೊತ್ತೆಲ್ಲ ತೆರೆದೇ ಇರುತ್ತದೆ.

ಸಾಗರದ ಈ ಕಚೇರಿಯಲ್ಲಿ ಹತ್ತೊಂಬತ್ತು ವರ್ಷ
ಅಷ್ಟೂ ಜನಕ್ಕೆ ಊದುಬತ್ತಿ ಹಚ್ಚಿದವಳು ನಾನು.
ಗಂಡ ಸತ್ತು ಅನುಕಂಪದ ಮೇಲೆ ಸಿಕ್ಕ ನೌಕರಿ.
ಆದೇಶದಲ್ಲಿ ಕಸ, ನೀರು, ಟಪಾಲು ಎಂದಿತ್ತು,
ಊದುಬತ್ತಿ ಎಂದಿರಲಿಲ್ಲ.
ಆದರೂ ಮೊದಲ ದಿನವೇ ಕಡ್ಡಿಪೆಟ್ಟಿಗೆ ಕೈಗಿಟ್ಟರು.
ಹೂವಿನ ದುಡ್ಡು ನನ್ನದೇ.

ಹೇಳಲೇಬೇಕೆಂದರೆ
ಆ ಗೋಡೆಯಲ್ಲಿ ನಮ್ಮವರು ಒಬ್ಬರೂ ಇರಲಿಲ್ಲ.
ನಮ್ಮ ಚೌಡಿ ಹಾದಿ ಕವಲಿನಲ್ಲಿ
ಹೊನ್ನೆ ಮರದ ಬುಡಕ್ಕೆ ಕೂತವಳು. ಕಲ್ಲು. ಮುಖ ಇಲ್ಲ.
ವರ್ಷಕ್ಕೊಂದು ಕೋಳಿ, ಮರೆತರೆ ಜ್ವರ.
ಅವಳ ಫೋಟೋ ಯಾರು ತೆಗೆಸಿದ್ದಾರೆ ಮಾರಾಯ್ತಿ?
"ನಮ್ಮವಳನ್ನೂ ತರಲೇ?" ಒಮ್ಮೆ ಕೇಳಿದ್ದೆ, ತಮಾಷೆಗೆ ಅಂತಲೇ ಇಟ್ಟುಕೊಳ್ಳಿ.
ಇಡೀ ಕಚೇರಿ ನಕ್ಕಿತು. ಫೆಲ್ಸಿಬಾಯಿಯೂ.

ವೆಂಕಟರಮಣನ ಚೌಕಟ್ಟು ಎತ್ತಿದ್ದೇ ತಡ
ಹಿಂದಿನಿಂದ ಉದುರಿತು ಹಲ್ಲಿಮೊಟ್ಟೆಯ ಸಿಪ್ಪೆ,
ಮತ್ತೆ ನಾಲ್ಕು ಮಡಿಕೆಯ ಕಾಗದ.
ಕನ್ನಪ್ಪ ಬಿನ್ ಗಾಮ, ಮುಳುಗಡೆಯವನು, ಹಿನ್ನೀರಿನಾಚೆ.
ಕೂತ ನೆಲಕ್ಕೆ ಹಕ್ಕುಪತ್ರ ಕೇಳಿದ ಅರ್ಜಿ,
ಹನ್ನೊಂದು ವರ್ಷದ ಹಿಂದಿನ ತಾರೀಖು.
ಮೇಜಿನಿಂದ ಮೇಜಿಗೆ ಅಲೆದು
ಯಾವಾಗಲೋ ಊಟದ ಹೊತ್ತಿನಲ್ಲಿ
ಕೊನೆಯ ಮೇಜು ಇದೇ ಅಂದುಕೊಂಡು
ಸಿಕ್ಕಿಸಿ ಹೋಗಿರಬೇಕು.
ಕಾಗದಕ್ಕೆ ನನ್ನ ಊದುಬತ್ತಿಯ ವಾಸನೆ ಹಿಡಿದಿತ್ತು.

ಬಿನ್ ಅನ್ನುವುದು ಅರಬ್ಬಿ ಮಾತಂತೆ,
ಬುಡನ್ ಸಾಬರು ಹೇಳಿದ್ದರು ನಿವೃತ್ತಿಯ ದಿನ, ಚಹಾ ಆರಿಸುತ್ತ.
ತಾಲ್ಲೂಕಿನ ಅಷ್ಟೂ ಗಂಡಸರು ಅಪ್ಪಂದಿರಿಗೆ
ಆ ಒಂದು ಶಬ್ದದಿಂದ ಅಂಟಿಕೊಂಡಿದ್ದಾರೆ.
ಅದನ್ನು ಇಳಿಸು ಎಂದು ಯಾರೂ ಹೇಳಿಲ್ಲ.

ಮೂರನೇ ದಿನ ಶಾಲು ಹೊದ್ದ ಹುಡುಗರು ಬಂದು ಕೂಗಿದರು.
ಮೇಜಿನ ಮೇಲಿನ ಲೋಟ ಬಿತ್ತು.
ಸಾಹೇಬರು ಎದ್ದು ನಿಂತರು, ದನಿ ಸ್ವಲ್ಪ ನಡುಗಿತು:
"ರೆಕಾರ್ಡ್ ರೂಮಿನಲ್ಲಿ ಜೋಪಾನವಾಗಿವೆ.
ಸಹಿ ಹಾಕಿ ಮನೆಗೆ ಒಯ್ಯಿರಿ, ದೀಪ ಹಚ್ಚಿ."
ಪುಸ್ತಕ ಮುಂದಿಟ್ಟೆ, ಪೆನ್ನೂ.
ಯಾರ ಮನೆಯಲ್ಲೂ ಜಾಗ ಇರಲಿಲ್ಲ.

ಫೆಲ್ಸಿಬಾಯಿ ಮಾತ್ರ ಸಂಜೆ ಬಂದಳು
ಮೊಣಕಾಲು ಹಿಡಿದುಕೊಂಡು, ಮೆಟ್ಟಿಲು ಎಣಿಸುತ್ತ.
ಸೆರಗಿನಲ್ಲಿ ಸುತ್ತಿಕೊಂಡಳು.
"ನಿನ್ನವಳು ಹೇಗಿದ್ದಾಳೆ?" ಅಂದಳು ಹೋಗುವಾಗ.

ಅರ್ಜಿ ಟಪಾಲು ಮೇಜಿಗೆ ಕೊಟ್ಟೆ.
"ಎಲ್ಲಿತ್ತು ಇಷ್ಟು ದಿನ?" ಹೊಸ ಹುಡುಗ ಕೇಳಿದ.
"ದೇವರ ಹತ್ತಿರ ಬಾಕಿ ಇತ್ತು."
ನಕ್ಕ. ಮೊಹರು ಒತ್ತಿದ. ನಂಬರು ಬಿತ್ತು.
ಕನ್ನಪ್ಪ ಇದ್ದಾನೋ ಇಲ್ಲವೋ,
ಹಿನ್ನೀರಿನ ಕಡೆಯಿಂದ ಬಂದವರನ್ನೆಲ್ಲ ಕೇಳುತ್ತಿದ್ದೇನೆ.

ಗೋಡೆ ಈಗ ತಿಳಿಹಳದಿ.
ಮೊಳೆಯ ತೂತು ಮುಚ್ಚಿದ್ದಾರೆ, ಬೆರಳಿಟ್ಟರೆ ತಿಳಿಯುತ್ತದೆ.
ಕೆಲವರು ಇನ್ನೂ ಅಲ್ಲೇ ನಿಂತು ಕೈ ಮುಗಿಯುತ್ತಾರೆ.
ನಾನೇನೂ ಅನ್ನುವುದಿಲ್ಲ.

ಹತ್ತು ಗಂಟೆಗೆ ಕೈ ತಾನಾಗಿ ಡ್ರಾಯರಿಗೆ ಹೋಗುತ್ತದೆ.
ಕಡ್ಡಿಪೆಟ್ಟಿಗೆ ಎಸೆದಿಲ್ಲ.
ಕರೆಂಟು ಹೋದರೆ ಬೇಕಾಗುತ್ತದೆ,
ರೆಕಾರ್ಡ್ ರೂಮಿಗೆ ಕಿಟಕಿ ಇಲ್ಲ.